ಪಟ್ಟಿಯ ಒಂಬತ್ತನೇ ವಿಷಯ

ಕಾರಿನ ನೋಂದಣಿಗೆಂದು ಕೌಂಟಿ ಕಚೇರಿಯ ಸಾಲಿನಲ್ಲಿ ನಿಂತಿದ್ದ ಮಾರ್ಲಾಗೆ, ಆಗಷ್ಟೇ ಸಭೆಯಿಂದ ಹೊರಬಂದ ಕೌಂಟಿ ಆಡಳಿತ ಮಂಡಳಿಯ ಚುನಾಯಿತ ಕಮಿಷನರ್ ವೆಂಡೆಲ್ ಮತ್ತು ಅವನ ಅಕ್ಕ ಒಡೆಸ್ಸಾ ಹಿಂದಿನ ಬೆಂಚಿನಲ್ಲಿ ಮಾತಾಡುವುದು ಕೇಳಿಸಿತು.

“ನಮ್ಮೂರಿನ ಆಂಬ್ಯುಲೆನ್ಸ್ ಠಾಣೆ ಮುಚ್ಚೋಕೆ ನೀನೂ ಕೈ ಎತ್ತಿದೆಯಲ್ಲೋ!”

“ಚರ್ಚೆ ಇಲ್ಲದೆ ಒಟ್ಟಿಗೆ ಪಾಸು ಮಾಡೋ ಪಟ್ಟಿಲಿತ್ತು ಅಕ್ಕಾ. ಹದಿನಾಲ್ಕು ವಿಷಯ.”

“ಒಂಬತ್ತನೇದನ್ನ ಪಕ್ಕಕ್ಕಿಡಿ, ಚರ್ಚೆ ಮಾಡೋಣ ಅಂತ ಒಬ್ಬ ಕಮಿಷನರ್ ಹೇಳಿದ್ರೆ ಸಾಕಿತ್ತು. ನಿನ್ನ ಬಾಯಿಗೆ ಬೀಗ ಬಿದ್ದಿತ್ತಾ?”

“ಓದಿರಲಿಲ್ಲ.”

ವೆಂಡೆಲ್ ದನಿ ತಗ್ಗಿಸಿದ. ಮಾರ್ಲಾ ತಿರುಗಿ ನೋಡಲಿಲ್ಲ.

“ಪಟ್ಟಿ ಜಲ್ಲಿ, ಮೋರಿ ಪೈಪು, ಕಳೆ ಔಷಧಿ ಅಂತ ಶುರುವಾಗಿತ್ತು. ಯಾವಾಗ್ಲೂ ಇರೋದೇ ಅಂದ್ಕೊಂಡೆ.”

“ನಿನ್ನ ಭಾವಂಗೆ ಎದೆನೋವು ಬಂದಾಗ ಎಂಟೇ ನಿಮಿಷಕ್ಕೆ ಬಂದಿದ್ರು. ಇನ್ನು ಇಲ್ಲಿಂದ ನಮ್ಮೂರಿಗೆ ಬರಬೇಕು, ನಲವತ್ತು ನಿಮಿಷ. ಅವರ ಎದೆಗೆ ಕಾಯೋಕೆ ನೀನೇ ಹೇಳು.”

“ಮುಂದಿನ ತಿಂಗಳ ಸಭೆಗೆ ಮತ್ತೆ ತರ್ತೀನಿ.”

“ಈ ಶುಕ್ರವಾರವೇ ಠಾಣೆ ಸಿಬ್ಬಂದಿನ ಕೆಲಸದಿಂದ ತೆಗೀತಾರಂತೆ.”

“ಭಾನುವಾರ ಚರ್ಚಿನಲ್ಲಿ ಊರಿನವರು ಕೇಳಿದ್ರೆ ನೀನು ಏನಂತೀಯ ಅಕ್ಕಾ?”

ಒಡೆಸ್ಸಾ ಎದ್ದು ಕೋಟಿನ ಗುಂಡಿ ಹಾಕಿಕೊಂಡಳು.

“ಓದಿರಲಿಲ್ಲ ಅಂತ ಯಾರಿಗೂ ಹೇಳಲ್ಲ. ಬೇಕಂತಲೇ ಮುಚ್ಚಿಸಿದ ಅಂತ ಬೈಕೊಳ್ಳಲಿ ಬಿಡು. ನಮ್ಮ ನೆನಪೇ ನಿನಗಿರಲಿಲ್ಲ ಅನ್ನೋದಕ್ಕಿಂತ ಅದೇ ವಾಸಿ.”

ವೆಂಡೆಲ್ ಟೋಪಿ ಎತ್ತಿಕೊಂಡು ಅವಳ ಹಿಂದೆಯೇ ಹೊರಟ.