ಬಿಡದಿ ಸೈಟಿನ ಸಾಲ

ರೇಷ್ಮೆಗೂಡಿಗೆ ಒಳ್ಳೇ ರೇಟು ಬಂದಿದ್ದ ಕಾಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಚೆಲುವಯ್ಯ ಗೂಡು ಮಾರಿ, ದುಡ್ಡಿಗಾಗಿ ಸರದಿಯಲ್ಲಿ ನಿಂತಿದ್ದ. ಅವನ ಮುಂದೆ ಅತ್ತೆ ಸೊಸೆ ಇಬ್ಬರು, ಬಿಡದಿಯಲ್ಲಿ ಬಾಡಿಗೆಗೆ ಮನೆ ಕಟ್ಟಿಸುವ ಮಾತಾಡುತ್ತಿದ್ದರು. ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ತೋಟ ಅಡ ಇಟ್ರೆ ಬಡ್ಡಿ ಕಮ್ಮಿಯಂತೆ ಕಣೇ ಸರಸ,” ಅಂದಳು ಅತ್ತೆ.

“ಕಮ್ಮಿನೇಯ. ಆದ್ರೂ ಕಟ್ಟೋ ಮನೆ ಮೇಲೇ ಸಾಲ ತಗೊಳವಾ, ಅತ್ತೆಮ್ಮ.”

“ಅದ್ಕೆ ಬಡ್ಡಿ ಜಾಸ್ತಿ ಅಲ್ವಾ?”

“ಒಸಿ ಜಾಸ್ತಿ. ನಾಳೆ ಬಾಡಿಗೆ ಬರ್ದೆ ಕಂತು ನಿಂತೋದ್ರೆ, ಹೋಗೋದು ಆ ಮನೆ. ಹಿಪ್ಪುನೇರಳೆ ತೋಟ ನಮ್ಗೇ ಉಳ್ಕೊತದೆ.”

“ಬಾಡಿಗೆಗೆ ಜನ ಬರಕಿಲ್ವಾ ಹಂಗಾರೆ?”

“ಬತ್ತಾರೆ. ಫ್ಯಾಕ್ಟರಿ ಹುಡುಗ್ರು ರೂಮು ಸಿಗ್ದೆ ದಿನಾ ರೈಲಲ್ಲಿ ಓಡಾಡ್ತಾವ್ರೆ. ಆದ್ರೂ ತೋಟ ಮಾತ್ರ ಬ್ಯಾಡ.”

ಅತ್ತೆ ಒಪ್ಪಿದವಳಂತೆ ತಲೆಯಾಡಿಸಿದಳು.

“ನಂಗೆ ವಯಸ್ಸಾಗೈತೆ, ಸಾಲ ನನ್ನ ಹೆಸ್ರಿಗೆ ಕೊಡಕಿಲ್ವಂತೆ.”

“ಗೊತ್ತು. ನಾನೇ ಸೈನ್ ಹಾಕ್ತೀನಿ.”

“ಸಾಲ ನಿನ್ನ ತಲೆ ಮೇಲೆ, ಸೈಟು ನನ್ನ ಹೆಸ್ರಲ್ಲಿ ಅಂದ್ರೆ ಸರಿ ಬರಕಿಲ್ಲ. ಸೋಮವಾರ ರಿಜಿಸ್ಟ್ರಾರ್ ಆಫೀಸಿಗೆ ಹೋಗವಾ. ಸೈಟು ನಿನ್ನ ಹೆಸ್ರಿಗೆ ಬರ್ಕೊಟ್ಬುಡ್ತೀನಿ.”

ಸರಸ ಅತ್ತೆಯ ಕಡೆ ತಿರುಗಿದಳು.

“ನಿಮ್ಮ ಮಗನ್ನ ಒಂದ್ಮಾತು ಕೇಳ್ಬ್ಯಾಡ್ವಾ?”

“ಸೈಟು ತಗೊಂಡಿದ್ದು ನಾನು ಹುಳ ಸಾಕಿದ ದುಡ್ಡಲ್ಲಿ. ಅವನಿಗೆ ಹೇಳ್ತೀನಿ. ಕೇಳಾದೇನೈತೆ?”

ಅಷ್ಟರಲ್ಲಿ ಅವರ ಸರದಿ ಬಂತು. ದುಡ್ಡು ಎಣಿಸಿ ಸೆರಗಿಗೆ ಕಟ್ಟಿಕೊಂಡ ಅತ್ತೆ, ಕನಕಪುರದ ಬಸ್ಸು ಹೊರಟುಬಿಡುತ್ತದೆಂದು ಸೊಸೆಯ ಕೈ ಹಿಡಿದು ಬಿರಬಿರನೆ ನಡೆದಳು.