ಅಕ್ಕನ ಕಿವಿ

ಲೈಟ್ ಇರಲಿ ಬಿಡಿ, ಆರಿಸಬೇಡಿ. ಇದನ್ನು ಕತ್ತಲಲ್ಲಿ ಹೇಳುವಷ್ಟು ಎದೆಗಾರಿಕೆ ನನಗೂ ಇಲ್ಲ.

ನಮ್ಮ ಚಿಕ್ಕಪ್ಪನ ಮಗನಿಗೆ ಆಗಿದ್ದು. ಎಲ್ಲರೂ ಅವನನ್ನು ಪಾನಾ ಅಂತ ಕರೆಯೋದು. ನಟ್ಟು ಬಿಚ್ಚುವ ಪಾನಾ ಇದೆಯಲ್ಲ, ಅದೇ. ಮೋಟರ್‌ಸೈಕಲ್ ಮೆಕ್ಯಾನಿಕ್ಕು. ಊಟಕ್ಕೆ ಕೂತಾಗಲೂ ಜೇಬಿನಲ್ಲಿ ಒಂದು ಪಾನಾ ಇರಬೇಕು ಅವನಿಗೆ.

ಒಂದು ರಾತ್ರಿ... ಹನ್ನೊಂದು ದಾಟಿತ್ತು. ಅಕ್ಕನ ಮನೆಯಿಂದ ತನ್ನ ಮನೆಗೆ ನಡೆದುಕೊಂಡು ಬರ್ತಿದ್ದ. ದಾರಿಯಲ್ಲಿ ಒಂದು ಪಾಳು ಬಾವಿ. ಕೈಯಲ್ಲೊಂದು ಬಟ್ಟೆ ಚೀಲ. ಚೀಲದಲ್ಲಿ ಎರಡು ಕಾರ್ಬುರೇಟರ್, ಹಳೇ ಕಾಲದ ಮೋಟರ್‌ಸೈಕಲ್ ಒಂದರಿಂದ ಬಿಚ್ಚಿಕೊಂಡು ಬಂದಿದ್ದು. ಗಾಳಿಯನ್ನೂ ಪೆಟ್ರೋಲನ್ನೂ ಬೆರೆಸಿ ಎಂಜಿನ್ನಿಗೆ ಉಣಿಸೋದು ಕಾರ್ಬುರೇಟರಿನ ಕೆಲಸ. ಎಂಜಿನ್ನಿನ ಮೂಗು ಅಂದುಕೊಳ್ಳಿ. ಆ ಗಾಡಿಗೆ ಎರಡು ಸಿಲಿಂಡರು, ಅದಕ್ಕೇ ಎರಡು ಕಾರ್ಬುರೇಟರ್.

ಬಾವಿಯ ಹತ್ತಿರ ಬಂದ. ಸದ್ದು ಬಂತು.

ಸ್ಸ್ಸ್ಸ್... ಹ್ಞೀ.

ಯಾರೋ ಕಷ್ಟಪಟ್ಟು ಗಾಳಿ ಎಳೆದುಕೊಂಡ ಹಾಗೆ. ಕೊನೆಗೆ ಒಂದು ಸಣ್ಣ ಸಿಳ್ಳೆ. ಪಾನಾ ನಿಂತ. ಬಾವಿಯೊಳಗೆ ಕಪ್ಪೆಯೋ ಏನೋ ಅಂದುಕೊಂಡ. ಹತ್ತು ಹೆಜ್ಜೆ ಹಾಕಿದ. ಮತ್ತೆ... ಸ್ಸ್ಸ್ಸ್... ಹ್ಞೀ. ಬಾವಿ ಹಿಂದಕ್ಕೆ ಉಳಿದಿತ್ತು, ಸದ್ದು ಉಳಿಯಲಿಲ್ಲ. ಚೀಲದಿಂದ ಬರ್ತಿತ್ತು.

ಅವನಿಗೆ ಆ ಉಸಿರಿನ ಗುರುತು ಸಿಕ್ಕಿತು. ಅದು ಭಾವನ ಉಸಿರು. ಭಾವ ಸತ್ತು ನಾಲ್ಕು ತಿಂಗಳಾಗಿತ್ತು.

ನೀವಾಗಿದ್ದರೆ ಏನು ಮಾಡ್ತಿದ್ದಿರಿ? ಚೀಲ ಬಾವಿಗೆ ಬಿಸಾಕಿ ಓಡ್ತಿದ್ದಿರಿ. ಪಾನಾ ಬಿಸಾಕಲಿಲ್ಲ. ಅಂಥ ಕಾರ್ಬುರೇಟರ್ ಈಗ ಎಲ್ಲೂ ಸಿಗೋದಿಲ್ಲ ನೋಡಿ. ಚೀಲವನ್ನು ಎದೆಗೆ ಅವಚಿಕೊಂಡು ಓಡಿದ. ಅವನ ಗುಣ ಅಲ್ಲೇ ತಿಳ್ಕೊಳ್ಳಿ.

ಈ ಭಾವ ಯಾರು ಅಂತ ಹೇಳ್ತೀನಿ. ಕಾರ್ಬುರೇಟರ್ ಟ್ಯೂನಿಂಗ್ ಅಂದರೆ ಆತನೇ ಅಂತ ದೊಡ್ಡ ಹೆಸರು. ಜೋಡಿ ಕಾರ್ಬುರೇಟರಿನ ಕಷ್ಟ ಏನು ಅಂದ್ರೆ, ಎರಡೂ ಒಂದೇ ಸಮ ಗಾಳಿ ಎಳೀಬೇಕು. ಒಂದು ಹೆಚ್ಚು ಎಳೆದು ಇನ್ನೊಂದು ಕಮ್ಮಿ ಎಳೆದರೆ ಎಂಜಿನ್ನು ಕುಂಟುತ್ತೆ. ಅದನ್ನು ಹೊಂದಿಸೋಕೆ ಒಂದು ಮೊಳ ರಬ್ಬರ್ ಪೈಪ್ ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಗೆ. ಒಳಗೆ ಸ್ಸ್ಸ್ ಅಂತ ಗಾಳಿ ಹೋಗೋದು ಕೇಳುತ್ತೆ. ಎರಡರ ಸದ್ದೂ ಒಂದೇ ಆಗುವ ತನಕ ಸ್ಕ್ರೂ ತಿರುಗಿಸಬೇಕು. ಅದಕ್ಕೆ ಕಿವಿ ಬೇಕು, ಎಲ್ಲರಿಗೂ ಇರೋದಲ್ಲ.

ಭಾವನಿಗೂ ಇರಲಿಲ್ಲ. ಕಿವಿ ಇದ್ದದ್ದು ಅಕ್ಕನಿಗೆ.

ಗಿರಾಕಿ ಗಾಡಿ ಬಿಟ್ಟು ಹೊರಗೆ ಕೂತರೆ ಸಾಕು, ಭಾವ ಒಳಗಿಂದ ಕೂಗೋನು, "ಬಾಗಿಲು ಹಾಕೇ!" ಮನೆಯ ಪಕ್ಕಕ್ಕೇ ಇದ್ದ ಶೆಡ್ಡು ಅದು. ಬಾಗಿಲು ಹಾಕಬೇಕು, ಕಿಟಕಿ ಹಾಕಬೇಕು, ಅಕ್ಕ ನೆಲದ ಮೇಲೆ ಕೂತು ಪೈಪ್ ಕಿವಿಗೆ ಇಟ್ಟುಕೊಳ್ಳಬೇಕು. ಅವಳು ಹೇಳಿದ ಹಾಗೆ ಆತ ಸ್ಕ್ರೂ ತಿರುಗಿಸೋದು. ಹೆಂಡತಿಯ ಕಿವಿ ಅಂತ ಹೊರಗೆ ಗೊತ್ತಾಗಬಾರದಲ್ಲ! ಎಂಜಿನ್ನು ಓಡ್ತಾನೇ ಇರುತ್ತೆ, ಹೊಗೆ ತುಂಬ್ತಾ ಹೋಗುತ್ತೆ. ಆತ ಕಿಟಕಿ ಸಂದಿಗೆ ಮೂಗಿಟ್ಟು ನಿಲ್ಲೋನು. ಇವಳಿಗೆ ತಲೆ ಸುತ್ತಿ ವಾಂತಿ ಆಗೋದು. ಹೇಳಿದ್ದು ಕೂದಲೆಳೆ ತಪ್ಪಾದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಬೆರಳ ಗೆಣ್ಣಿಗೆ ಹೊಡೆಯೋನು. ಊರಿಗೆ ಉಪಕಾರಿ, ಮನೆಗೆ ಮಾರಿ. ಹನ್ನೊಂದು ವರ್ಷ ಹೀಗೇ ನಡೀತು.

ಅಕ್ಕ ಎರಡು ಸಲ ತಮ್ಮನ ಹತ್ತಿರ ಹೇಳಿಕೊಂಡಳು. ಊದಿದ ಬೆರಳು ತೋರಿಸಿದಳು. ಪಾನಾ ನಕ್ಕು, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಕ್ಕಾ" ಅಂದ. ಎರಡು ಸಲಕ್ಕೂ ಅದೇ ಗಾದೆ. ನನಗೆ ಈಗಲೂ ಮೈ ಉರಿಯುತ್ತೆ.

ಭಾವ ಮೂವತ್ತು ವರ್ಷ ಬಾಯಲ್ಲೇ ಪೈಪ್ ಇಟ್ಟು ಪೆಟ್ರೋಲ್ ಎಳೆದವನು. ಪುಪ್ಪುಸ ಸೋತುಹೋಯ್ತು. ಕೊನೆಗೆ ಒಂದೊಂದು ಉಸಿರಿಗೂ ಸಿಳ್ಳೆ ಹಾಕ್ತಾ ಹಾಕ್ತಾ ಸತ್ತ. ಅಳೋರು ಅತ್ತರು. ಅಕ್ಕ ಅಳಲಿಲ್ಲ. ಮಾರನೇ ದಿನದಿಂದ ಮನೆಯ ಬಾಗಿಲು, ಕಿಟಕಿ ಎಲ್ಲ ಹಾರುಹೊಡೆದು ಇಡೋಕೆ ಶುರು ಮಾಡಿದಳು. ರಾತ್ರಿ ಮಲಗುವಾಗಲೂ ತೆಗೆದೇ ಇಡೋಳು. ಕಳ್ಳ ಬಂದರೆ ಅಂತ ಕೇಳಿದೆ ನಾನು. "ಬರಲಿ ಬಿಡು, ಗಾಳಿ ಜೊತೆ ಬರ್ತಾನೆ" ಅಂದಳು. ನಾಲ್ಕು ತಿಂಗಳಲ್ಲಿ ಮೈ ಕೈ ತುಂಬಿಕೊಂಡು, ನೋಡೋಕೆ ಸಂತೋಷ ಆಗ್ತಿತ್ತು.

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಬಂದರು. ಅವರಿಗೆ ಹಳೇ ಮೋಟರ್‌ಸೈಕಲ್ಲುಗಳ ಹುಚ್ಚು. ಭಾವನ ಸ್ವಂತ ಗಾಡಿಯ ಮೇಲೆ ಅವರಿಗೆ ಮೊದಲಿಂದಲೂ ಕಣ್ಣು. ಅಕ್ಕ ಕೊಟ್ಟುಬಿಡು ಅಂದಳು. ಡಾಕ್ಟರು ಹೇಳಿದ್ದಿಷ್ಟೇ. ಆತ ಇದ್ದಾಗ ಹೇಗೆ ಓಡ್ತಿತ್ತೋ ಹಾಗೇ ಟ್ಯೂನ್ ಆಗಿರಬೇಕು. ಹಾಗೆ ಮಾಡಿಕೊಟ್ಟರೆ ತಮ್ಮ ಅಷ್ಟೂ ಗಾಡಿಗಳ ಕೆಲಸ ಇನ್ನುಮುಂದೆ ಪಾನಾನಿಗೇ.

"ನನ್ನ ಕಿವಿ ಭಾವನ ಕಿವಿಗಿಂತ ಒಂದು ಕೈ ಮೇಲು ಸಾರ್" ಅಂದುಬಿಟ್ಟ ಇವನು. ನೋಡಿ, ಎಲ್ಲ ಶುರುವಾಗಿದ್ದು ಈ ಒಂದು ಮಾತಿನಿಂದ.

ಆ ರಾತ್ರಿ ಚೀಲದಲ್ಲಿದ್ದದ್ದು ಇದೇ ಗಾಡಿಯ ಕಾರ್ಬುರೇಟರ್. ಬಾವಿಯ ದಾರಿಯಲ್ಲಿ ಆ ಉಸಿರು ಕೇಳಿದ್ದನ್ನು ಅವನು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಕೂತು ಎರಡೂ ಕಾರ್ಬುರೇಟರ್ ಬಿಚ್ಚಿ ಹರವಿದ. ಪೆಟ್ರೋಲಿನಲ್ಲಿ ನೆನೆಸಿ, ಹಲ್ಲುಜ್ಜೋ ಬ್ರಶ್ಶಲ್ಲಿ ತಿಕ್ಕಿದ. ಕೂದಲಷ್ಟು ಸಪೂರದ ತಂತಿ ಹಾಕಿ, ಪೆಟ್ರೋಲ್ ಚಿಮ್ಮುವ ಜೆಟ್ಟಿನ ತೂತು ಬಿಡಿಸಿದ. ಕಾಗದವನ್ನು ಅಂಚಿನ ಮೇಲಿಟ್ಟು ಸುತ್ತಿಗೆಯಿಂದ ಟಕ್ಕಟಕ್ಕ ತಟ್ಟಿ ಹೊಸ ಪ್ಯಾಕಿಂಗ್ ಕತ್ತರಿಸಿದ. ಕೆಲಸಗಾರ ಸರಿಯಾಗಿದ್ದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಕ್ಕನ ಶೆಡ್ಡಿಗೆ ಹೋಗಿ ಗಾಡಿಗೆ ಕೂರಿಸಿ ಕಿಕ್ ಹೊಡೆದರೆ... ಧಡ್ ಧಡ್... ಫುಸ್... ಧಡ್... ಫುಸ್. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಪೊಳ್ಳು. ಮೂರು ದಿನ ಪೈಪ್ ಕಿವಿಗೆ ಚುಚ್ಚಿಕೊಂಡು ತಿಣುಕಿದ. ಇವನ ಕಿವಿಗೆ ಎರಡೂ ಒಂದೇ ಥರ ಕೇಳೋದು. ಡಾಕ್ಟರು ಬರೋದು ಭಾನುವಾರ. ಶನಿವಾರ ಸಂಜೆ ಅಕ್ಕನ ಮುಂದೆ ನಿಂತ.

"ಅಕ್ಕಾ, ಒಂದೇ ಸಲ. ಹತ್ತು ನಿಮಿಷ."

"ಬೇಡ ಕಣೋ. ಆ ಪೈಪ್ ನೋಡಿದ್ರೇನೇ ನಂಗೆ ಹೊಟ್ಟೆ ತೊಳಸುತ್ತೆ."

"ಬಾಗಿಲು ತೆಗೆದೇ ಇಡ್ತೀನಿ. ಹೊಗೆ ಇರಲ್ಲ."

"ಬೇಡ ಅಂದ್ನಲ್ಲ."

"ಭಾವನಿಗೆ ಹನ್ನೊಂದು ವರ್ಷ ಮಾಡ್ದೆ. ಒಡಹುಟ್ಟಿದ ತಮ್ಮನಿಗೆ ಹತ್ತು ನಿಮಿಷ ಆಗಲ್ವಾ?"

ಅಕ್ಕ ಅವನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಶೆಡ್ಡಿಗೆ ಬಂದಳು. ಹೊಡೆದು ಕರ್ಕೊಂಡು ಬಂದ ಭಾವನಿಗೂ, ಹೀಗೆ ಚುಚ್ಚಿ ಕರ್ಕೊಂಡು ಬಂದ ತಮ್ಮನಿಗೂ ಏನು ವ್ಯತ್ಯಾಸ, ನೀವೇ ಹೇಳಿ.

ಬಾಗಿಲು ತೆಗೆದೇ ಇತ್ತು. ಎಂಜಿನ್ನು ಕುಂಟ್ತಾ ಓಡ್ತಿತ್ತು. ಅಕ್ಕ ಗಾಡಿ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಕೂತು, ಪೈಪ್ ಕಿವಿಗಿಟ್ಟು ಕಣ್ಣು ಮುಚ್ಚಿದಳು.

"ಎಡಗಡೆದು ಕಾಲು ಸುತ್ತು ಬಿಚ್ಚು... ಸಾಕು. ಬಲಗಡೆದು ಒಂಚೂರು..."

ಅಲ್ಲಿಗೆ ನಿಂತಳು.

"ಏನಾಯ್ತು?"

"ಅವ್ರು..."

"ಯಾರು?"

"ಬಾಗಿಲು ಹಾಕು ಅಂತಿದ್ದಾರೆ."

ಪಾನಾ ಅವಳ ಕೈಯಿಂದ ಪೈಪ್ ಕಿತ್ಕೊಂಡು ತನ್ನ ಕಿವಿಗಿಟ್ಟುಕೊಂಡ. ಸ್ಸ್ಸ್ಸ್... ಹ್ಞೀ. ಮತ್ತೆ, ಪೈಪಿನ ಆ ತುದಿಯಿಂದ, ಪಿಸುಗುಟ್ಟಿದ ಹಾಗೆ... "ಹಾಕೇ."

"ಗಾಳಿ ಅಕ್ಕಾ. ಬರೀ ಗಾಳಿ" ಅಂದ. ಕೇಳಿಸಿಕೊಂಡೂ ಹಾಗಂದ!

ಅಕ್ಕ ಎದ್ದಳು. ಬಾಗಿಲು ಮುಂದಕ್ಕೆಳೆದು ಅಗಳಿ ಹಾಕಿದಳು. ಕಿಟಕಿ ಒಂದೊಂದೇ ಮುಚ್ಚಿದಳು. ಬಂದು ಕೂತು ಪೈಪ್ ಇಸ್ಕೊಂಡಳು. ಪಾನಾ ಗಾಬರಿಬಿದ್ದು ಎಂಜಿನ್ನು ಆರಿಸಿದ. ಶೆಡ್ಡು ಗಪ್‌ಚಿಪ್. ಬಿಸಿ ಸೈಲೆನ್ಸರು ಆರುವ ಸದ್ದು ಮಾತ್ರ... ಟಿಣ್... ಟಿಣ್... ಅಕ್ಕ ಪೈಪ್ ತೆಗೆಯಲಿಲ್ಲ. ಕಣ್ಣು ಮುಚ್ಚಿಕೊಂಡೇ ಹೇಳ್ತಿದ್ದಳು, "ಬಲಗಡೆದು ಇನ್ನೊಂಚೂರು... ಇನ್ನೊಂಚೂರು... ಹೊಡೀಬೇಡಿ, ಹೇಳ್ತೀನಿ... ಇನ್ನೊಂಚೂರು..."

ಭುಜ ಹಿಡಿದು ಅಲ್ಲಾಡಿಸಿದ ಮೇಲೆ ಕಣ್ಣು ಬಿಟ್ಟಳು.

ಪಾನಾ ಬಾಗಿಲು ತೆಗೆದ. ಮೆಕ್ಯಾನಿಕ್ಕಿನ ಬುದ್ಧಿ ಎಷ್ಟಾದರೂ ಮೆಕ್ಯಾನಿಕ್ಕಿನ ಬುದ್ಧಿಯೇ. ಎರಡೂ ಕಾರ್ಬುರೇಟರ್ ಬಿಚ್ಚಿದ. ಅದರೊಳಗಿನ ಪೆಟ್ರೋಲನ್ನೂ ಟ್ಯಾಂಕಿನ ಪೆಟ್ರೋಲನ್ನೂ ಚರಂಡಿಗೆ ಸುರಿದ. ಕಾರ್ಬುರೇಟರ್ ಕೂರೋ ಎಂಜಿನ್ನಿನ ಎರಡು ತೂತಿಗೂ ಬಟ್ಟೆ ತುರುಕಿದ. ಕಾರ್ಬುರೇಟರ್ ಚೀಲಕ್ಕೆ ಹಾಕಿಕೊಂಡು ಹೊರಟ.

"ನನ್ನೂ ನಿನ್ ಮನೆಗೆ ಕರ್ಕೊಂಡ್ ಹೋಗೋ" ಅಂದಳು ಅಕ್ಕ. ಮೆಲ್ಲಗೆ ಅಂದಳು.

"ಮನೇಲಿ ಜಾಗ ಎಲ್ಲಿದೆ ಅಕ್ಕಾ? ನನ್ನ ಹೆಂಡ್ತಿ ರೇಗ್ತಾಳೆ. ಬೆಳಿಗ್ಗೆ ಬರ್ತೀನಲ್ಲ. ಕಾರ್ಬುರೇಟರ್ ನನ್ ಹತ್ರ ಇದೆ. ಗಾಡಿ ಹೇಗೆ ಸ್ಟಾರ್ಟ್ ಆಗುತ್ತೆ, ಹೇಳು?"

ಕಬ್ಬಿಣ ಜೋಪಾನ ಮಾಡಿದ. ಅಕ್ಕನನ್ನು ಬಿಟ್ಟುಹೋದ.

ಮನೆಗೆ ಬಂದು ಎರಡರ ಸ್ಕ್ರೂಗಳನ್ನೂ ಪೂರ್ತಿ ಬಿಗಿದು, ಸರಿಯಾಗಿ ಒಂದೂವರೆ ಸುತ್ತು ಬಿಚ್ಚಿಟ್ಟ. ಯಾವ ಕಾರ್ಬುರೇಟರನ್ನೇ ಆಗಲಿ, ಹೊಸದಾಗಿ ಟ್ಯೂನ್ ಮಾಡೋಕೆ ಶುರು ಮಾಡೋದು ಅಲ್ಲಿಂದ. ಚೀಲವನ್ನು ಮಂಚದ ಕೆಳಗೆ ತಳ್ಳಿ ಮಲಗಿದ. ಹೆಂಡತಿ ಪಕ್ಕದಲ್ಲಿ ಗೊರಕೆ ಹೊಡೀತಿದ್ದಳು.

ಎರಡು ಗಂಟೆಗೆ ಎಚ್ಚರ ಆಯ್ತು. ಮಂಚದ ಕೆಳಗೆ... ಸ್ಸ್ಸ್ಸ್... ಹ್ಞೀ. ಅವನು ಅಲ್ಲಾಡಲಿಲ್ಲ. ಆಮೇಲೆ ಇನ್ನೊಂದು ಉಸಿರು. ಇದಕ್ಕೆ ಸಿಳ್ಳೆ ಇಲ್ಲ. ಸಣ್ಣದು, ಹೆಂಗಸಿನದು. ಹೆದರಿದ ಉಸಿರು. ಒಂದು ಮುಂದೆ, ಒಂದು ಹಿಂದೆ. ಒಂದು ಜೋರು, ಒಂದು ಮೆಲ್ಲಗೆ. ಸ್ವಲ್ಪ ಹೊತ್ತಿಗೆ ಹಿಂದಿನದು ಹತ್ತಿರ ಬಂತು... ಇನ್ನೂ ಹತ್ತಿರ... ಯಾರೋ ಹೊಂದಿಸ್ತಿದ್ದ ಹಾಗೆ. ಕೊನೆಗೆ ಎರಡೂ ಸೇರಿ ಒಂದೇ ಸ್ಸ್ಸ್ಸ್ ಆಯ್ತು. ಅವನಿಗೆ ಬೇರೆ ಬೇರೆ ಕೇಳಿಸಲೇ ಇಲ್ಲ.

ಎದ್ದು ಓಡಿದ್ದರೆ ಅಕ್ಕನ ಮನೆಗೆ ಹದಿನೈದು ನಿಮಿಷ. ಪಾನಾ ದಿಂಬಿನಲ್ಲಿ ಕಿವಿ ಮುಚ್ಚಿಕೊಂಡು ಬೆಳಗಾಗೋದನ್ನೇ ಕಾಯ್ದ.

ಬೆಳಿಗ್ಗೆ ಅಕ್ಕನ ಎದುರು ಮನೆ ಟೈಲರು ಬಂದು ಬಾಗಿಲು ಬಡಿದ. ರಾತ್ರಿ ಹೊಲಿಗೆ ಹಾಕ್ತಾ ಎದ್ದಿದ್ದನಂತೆ. ಅಕ್ಕನ ಮನೆಯ ಕಿಟಕಿಗಳು ಒಂದೊಂದೇ ಮುಚ್ಚಿದ್ದು ನೋಡಿದ್ದನಂತೆ. ನಾಲ್ಕು ತಿಂಗಳಲ್ಲಿ ಮೊದಲ ಸಲ.

ಶೆಡ್ಡಿನ ಬಾಗಿಲಿಗೆ ಒಳಗಿಂದ ಅಗಳಿ. ಒಡೆದರು. ದಟ್ಟ ಹೊಗೆ ಮುಖಕ್ಕೆ ಹೊಡೆಯಿತು, ಸುಟ್ಟ ಪೆಟ್ರೋಲಿನ ಹೊಗೆ. ಅಕ್ಕ ಸ್ಟೂಲಿನ ಮೇಲೆ ಕೂತಿದ್ದಳು, ತಲೆ ಗಾಡಿಗೆ ಒರಗಿತ್ತು. ಪೈಪ್ ಕಿವಿಯಲ್ಲೇ ಇತ್ತು. ಎಂಜಿನ್ನಿನ ತೂತುಗಳಲ್ಲಿ ಪಾನಾ ತುರುಕಿದ ಬಟ್ಟೆ ಹಾಗೇ ಇತ್ತು. ಟ್ಯಾಂಕು ಒಣಗಿತ್ತು. ಟೈಲರು ಎಂಜಿನ್ನಿಗೆ ಕೈಯಿಟ್ಟ, ಬೊಬ್ಬೆ ಎದ್ದಿತು. ಆ ಗುರುತು ಅವನ ಅಂಗೈಯಲ್ಲಿ ನಾನೇ ನೋಡಿದ್ದೀನಿ. ಹೊಗೆ ಕುಡಿದು ಸತ್ತಿದ್ದಾಳೆ ಅಂತ ಆಸ್ಪತ್ರೆಯ ಡಾಕ್ಟರು ಬರೆದರು. ಯಾವುದೋ ಒಲೆಯ ಹೊಗೆ ಇರಬೇಕು ಅಂತ ಪೊಲೀಸರು ಬರೆದುಕೊಂಡರು. ಆ ಶೆಡ್ಡಿನಲ್ಲಿ ಒಲೆ ಇರಲಿಲ್ಲ.

ಒಂದು ತಿಂಗಳು ಬಿಟ್ಟು ಹಲ್ಲಿನ ಡಾಕ್ಟರು ಮತ್ತೆ ಬಂದರು. ಟ್ಯೂನಿಂಗ್ ಆಗಿಲ್ಲ ಅಂತ ಹೇಳೋಕೆ ಪಾನಾನಿಗೆ ನಾಚಿಕೆ. ಕಾರ್ಬುರೇಟರ್ ಎರಡನ್ನೂ ಹಾಗೇ ಕೂರಿಸಿ, ಟ್ಯಾಂಕಿಗೆ ಹೊಸ ಪೆಟ್ರೋಲ್ ಹಾಕಿ, ಡಾಕ್ಟರ ಎದುರಿಗೇ ಕಿಕ್ ಹೊಡೆದ. ಒಂದೇ ಕಿಕ್ಕು. ಎಂಜಿನ್ನು ಧಗ್ ಧಗ್ ಧಗ್ ಅಂತ ನಿಂತಲ್ಲೇ ನಿಂತು ಓಡಿತು. ಸೀಟಿನ ಮೇಲೆ ಒಂದು ಲೋಟ ನೀರು ಇಟ್ಟಿದ್ದರೂ ತುಳುಕ್ತಿರಲಿಲ್ಲ. ಡಾಕ್ಟರು ಅವನ ಬೆನ್ನು ತಟ್ಟಿದರು. "ಏನು ಕಿವಿನಯ್ಯಾ ನಿಂದು!"

ಪಾನಾ ತಲೆ ಬಗ್ಗಿಸಿ, "ಎಲ್ಲ ಅಭ್ಯಾಸ ಸಾರ್" ಅಂದ.

ಅವತ್ತು ಗಾಡಿ ಕೊಡೋ ಮುಂಚೆ, ಡಾಕ್ಟರು ಒಳಗೆ ಕೈ ತೊಳೆಯೋಕೆ ಹೋದಾಗ, ಸ್ಕ್ರೂಗಳ ಸುತ್ತು ಎಣಿಸಿ ನೋಡಿ ಹಾಗೇ ವಾಪಸ್ಸು ಇಟ್ಟನಂತೆ. ಎಡಗಡೆಯದು ಒಂದೂಮುಕ್ಕಾಲು ಸುತ್ತು. ಬಲಗಡೆಯದು ಎರಡೂಕಾಲು. ಇವನು ಎರಡನ್ನೂ ಒಂದೂವರೆಗೆ ಇಟ್ಟಿದ್ದ, ಚೀಲ ಅವತ್ತಿನ ತನಕ ಮಂಚದ ಕೆಳಗಿಂದ ಹೊರಗೆ ಬಂದೇ ಇರಲಿಲ್ಲ. ಇದನ್ನೆಲ್ಲ ನನಗೆ ಹೇಳಿದ್ದು ಅವನೇ, ಹಾಡುಹಗಲಲ್ಲಿ, ಒಂದು ತೊಟ್ಟೂ ಕುಡಿಯದೆ. ಸುಳ್ಳು ಹೇಳೋನಾಗಿದ್ದರೆ ತನ್ನ ಮಾನ ಉಳಿಸಿಕೊಳ್ಳೋ ಹಾಗೆ ಹೇಳ್ತಿದ್ದ, ಅಲ್ವಾ?

ಜೋಡಿ ಕಾರ್ಬುರೇಟರ್ ಅಂದರೆ ಆರು ತಿಂಗಳಿಗೊಮ್ಮೆ ತಾಳ ತಪ್ಪೇ ತಪ್ಪುತ್ತೆ. ಯಾವ ಮೆಕ್ಯಾನಿಕ್ಕನ್ನು ಬೇಕಾದರೂ ಕೇಳಿ. ಆ ಡಾಕ್ಟರು ಈಗಲೂ ವಾರಕ್ಕೆ ಎರಡು ಸಲ ಅದೇ ಗಾಡಿ ಓಡಿಸ್ತಾರೆ. ಏಳು ವರ್ಷ ಆಯ್ತು. ಇವತ್ತಿನವರೆಗೂ ಒಂದು ಸಲವೂ ಟ್ಯೂನಿಂಗಿಗೆ ಬಂದಿಲ್ಲ.