ಮಿಲಿಟರಿ ಕಾರ್ಡಿನ ಅಕ್ಷರ

ಕಡೇ ಬಸ್ಸಿಗೆ ವಾಮದಪದವಿನಲ್ಲಿ ಇಳಿದು ನಾನು, ಚಿಕ್ಕಪ್ಪನ ಮಗ ರಮಾನಾಥ ಬಾವಿಕಟ್ಟೆ ದಾಟುತ್ತಿದ್ದೆವು. ಬಾವಿಯೊಳಗೆ ಕೊಡಪಾನ ಬಿದ್ದ ಸದ್ದು... ದುಡುಂ. ಹಗ್ಗ ಜಾರಿದ ಸದ್ದು. ಮತ್ತೆ ದುಡುಂ. ಕಟ್ಟೆಯ ಮೇಲೆ ಒಂದು ನರಪಿಳ್ಳೆಯೂ ಇಲ್ಲ.

"ನೋಡ್ಬೇಡ, ನಡಿ ಮಾರಾಯ" ಅಂತ ಪಿಸುಗುಟ್ಟಿದೆ.

ಅವನ ಕಿಸೆಯಲ್ಲಿ ಹಳೆಯ ಮಿಲಿಟರಿ ಪೋಸ್ಟ್‌ಕಾರ್ಡ್ ಇತ್ತು. ನಾವು ಮಾರಿದ ಟ್ರಂಕಿನಲ್ಲಿ ಸಿಕ್ಕಿತೆಂದು ಬಿ.ಸಿ.ರೋಡಿನ ಗುಜರಿ ಅಂಗಡಿಯ ನಿಝಾಮ್ ವಾಪಸು ಕೊಟ್ಟದ್ದು. ಎಪ್ಪತ್ತೊಂದರ ಯುದ್ಧದ ಕಾಲದ್ದು. ವಿಳಾಸ ನಮ್ಮ ಅಜ್ಜನದು. ಹಿಂದಿಯಲ್ಲಿ ಒಂದೇ ಸಾಲು: ಕ್ಷೇಮ, ಚಿಂತೆ ಬೇಡ. ಬರೆದವನ ಹೆಸರಿಲ್ಲ. ನಮ್ಮ ದೊಡ್ಡಪ್ಪ ಸಂಜೀವ ಅದೇ ಯುದ್ಧಕ್ಕೆ ಹೋಗಿ ಬರಲಿಲ್ಲ, ಸರಿ. ಆದರೆ ಅವರಿಗೆ ಹಿಂದಿಯ ಒಂದಕ್ಷರವೂ ಬರೆಯಲು ಬರುತ್ತಿರಲಿಲ್ಲ.

ಆಟಿ ತಿಂಗಳಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸಿ, ಅವರು ಉಣ್ಣಲೆಂದು ಬಾಗಿಲು ಹಾಕಿ ಹೊರಗೆ ಕೂರುವ ಕ್ರಮ; ಮಾರನೇ ದಿನ ಅದಿತ್ತು. ಕಾರ್ಡು ಒಳಗಿಡುವುದು ಬೇಡ ಅಂದೆ, ರಮಾನಾಥ ಕೇಳಲಿಲ್ಲ. ಎಲೆಯ ಪಕ್ಕ ಕಾರ್ಡಿಟ್ಟು, ಕೋಳಿ ಸಾರು, ಅನ್ನ ಬಡಿಸಿ, ಬಾಗಿಲು ಎಳೆದ. ನಾವೆಲ್ಲ ಹೊರಗೆ ಕೂತೆವು.

ಒಳಗೆ ಎಲೆ ನೆಲಕ್ಕೆ ಉಜ್ಜಿದ ಸದ್ದು... ಸರ್ರ್. ಆಮೇಲೆ ದಡ್. ದಡ್. ಬಾಗಿಲ ಹಲಗೆ ಸೀಳಿ ಬಂತು. ಎದ್ದು ಹೋದ ರಮಾನಾಥನ ಬಾಯಿಗೆ ಏನೋ ಬಡಿಯಿತು. ಹಲ್ಲು, ರಕ್ತ, ಎಲ್ಲ ಅಂಗಿಯ ಮೇಲೆ.

ಮರುರಾತ್ರಿ ಅದು ಅವನ ಮಗಳು ದೀಕ್ಷಿತಾಳನ್ನು ಗೋಡೆಗೆ ಒತ್ತಿ ನಿಂತಿತು. ಎಳೆದು ಬಿಡಿಸುವಾಗ ಹುಡುಗಿಯ ತೋಳಿನ ಮೂಳೆ ಲಟಕ್ ಅಂದದ್ದು ನನಗೇ ಕೇಳಿತು. ಇನ್ನೊಂದು ರಾತ್ರಿ ಆದರೆ ಅವಳು ಉಳಿಯುವುದಿಲ್ಲ ಅಂತ ನಮಗೆಲ್ಲ ಗೊತ್ತಿತ್ತು.

"ಇದು ದೊಡ್ಡಪ್ಪ ಅಲ್ಲ. ಯಾರೋ ಪರವೂರಿನವ. ಕಾರ್ಡು ಸುಡುವ" ಅಂದ ರಮಾನಾಥ.

"ಸುಟ್ರೆ ಹೋಗ್ತಾನಾ? ಯಾರು ಅಂತ ಮೊದಲು ತಿಳಿಯುವ" ಅಂದಳು ಅವನ ಹೆಂಡತಿ ಕಾಂತಿ. ಮಗಳನ್ನು ಮಡಿಲಿನಿಂದ ಇಳಿಸಿರಲಿಲ್ಲ ಅವಳು.

ಮೂಡಬಿದಿರೆಯಲ್ಲಿ ಅಮಲ್ ಅಂತ ಒಬ್ಬ ಇದ್ದಾನೆ, ಇಂಥ ಕಾರ್ಡು ಒಟ್ಟು ಮಾಡುವವ. ಮೂಲೆಯ ಮಸುಕು ಮುದ್ರೆ ನೋಡಿ ಮಿಲಿಟರಿ ಆಸ್ಪತ್ರೆಯದ್ದು ಅಂದ. ನಿವೃತ್ತ ಸೈನಿಕರ ವಾಟ್ಸಾಪ್ ಗುಂಪುಗಳಿಗೆ ಫೋಟೋ ಕಳಿಸಿದ. ಸಂಜೆಗೆ ಉತ್ತರ ಪ್ರದೇಶದಿಂದ ಒಬ್ಬರು ಮುದುಕರ ಫೋನ್ ಬಂತು. ಆಗ ಆ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು. ಅವರು ಹಿಂದಿಯಲ್ಲಿ ಅಂದದ್ದನ್ನು ಅಮಲ್ ನಮಗೆ ಹೇಳಿದ.

"ಅಕ್ಷರ ನನ್ನದು. ಮಂಗಳೂರಿನ ಕಡೆಯ ಸಂಜೀವ ಹೇಳಿದ, ನಾನು ಬರೆದೆ. ಅವನ ಎರಡೂ ಕೈ ಬಾಂಬಿಗೆ ಹೋಗಿತ್ತು. ಸಾಯುವ ತನಕ ನಾನೇ ಉಣಿಸ್ತಿದ್ದೆ."

ಇಷ್ಟು ವರ್ಷ ಎಲೆ ಹಾಕಿ ಬಾಗಿಲು ಹಾಕುತ್ತಿದ್ದೆವಲ್ಲ, ಕೈಯಿಲ್ಲದವರು ಉಣ್ಣುವುದು ಹೇಗೆ?

ಆ ರಾತ್ರಿ ಕಾಂತಿ ಒಬ್ಬಳೇ ಒಳಗೆ ಹೋದಳು. ರಮಾನಾಥ ತಡೆದರೂ ಕೇಳಲಿಲ್ಲ. ಕತ್ತಲೆಯಲ್ಲಿ ಅನ್ನ ಕಲಸುವ ಸದ್ದು... ಆಮೇಲೆ ಅವಳ ಸ್ವರ.

"ಬಾಯಿ ತೆಗೀರಿ ಮಾವ."

ನುಂಗುವ ಸದ್ದು ಕೇಳಿತು. ಮತ್ತೊಂದು. ಬಹಳ ಹೊತ್ತು ಅದೊಂದೇ.

ಹೊರಗೆ ಬಂದಾಗ ಅವಳ ಕೈಯಲ್ಲಿ ಒಂದು ಅಗುಳೂ ಇರಲಿಲ್ಲ. ಬೆರಳುಗಳ ಮೇಲೆ ಹಲ್ಲಿನ ಗುರುತು ಇತ್ತು, ಮೆತ್ತಗೆ ಕಚ್ಚಿದ್ದು. ಲೈಟಿನ ಕೆಳಗೆ ಹಿಡಿದು ನಾನೇ ನೋಡಿದ್ದೇನೆ.